ಕಿವಿಗಷ್ಟೇ ಕಾಣುವ ಸಾಲು

ಶೈಲಶ್ರೀಯ ಬೆರಳು ಮೊಬೈಲಿನ ಮೇಲೆ ಸರಿಯಿತು. "ಬ್ಯಾಡಗಿ ಮೆಣಸಿನಕಾಯಿ. ಗಾಢ ಕೆಂಪು, ಮೈಯೆಲ್ಲ ಸುಕ್ಕು," ಎಂದು ಫೋನು ಮೈಕಿನಲ್ಲಿ ಗಟ್ಟಿಯಾಗಿ ಓದಿತು. ಸಂಶಿಯ ರೈತರ ಕಂಪನಿಯ ನಿರ್ದೇಶಕರು ತಾವೇ ಓದಿದಷ್ಟು ಠೀವಿಯಿಂದ ತಲೆಯಾಡಿಸಿದರು.

ಕಂಪನಿಗೆ ವೆಬ್‌ಸೈಟ್ ಮಾಡಿದ ಹೇಮಂತ ಮಾತ್ರ ಗೋಡೆಗೆ ಒರಗಿ ಬೆವರುತ್ತಿದ್ದ.

ಮೊದಲ ಸಲ ಆಕೆ ಅವನ ಸೈಟ್ ತೆರೆದಾಗ ಫೋನು "ಚಿತ್ರ, ಚಿತ್ರ, ಬಟನ್" ಎಂದಿತ್ತಷ್ಟೆ. "ಅಂಗಡಿ ತಗದೀರಿ ಖರೆ, ನನ್ನಂಥವ್ರಿಗೆ ಬಾಗ್ಲಾನ ಇಟ್ಟಿಲ್ರಿ," ಎಂದು ಕಣ್ಣು ಕಾಣದ ಶೈಲಶ್ರೀ ನಕ್ಕಿದ್ದಳು. ಅಂದಿನಿಂದ ಅವನು ಪ್ರತಿ ಚಿತ್ರದ ಹಿಂದೆಯೂ ವಿವರ ಬರೆದ. ನೋಡುವವರಿಗೆ ಕಾಣದ, ಫೋನು ಓದಿ ಹೇಳುವ ಸಾಲು. ಆಕೆ ದಿನಾ ಕಂಪನಿಗೆ ಬಂದು ಕೇಳಿ ತಿದ್ದಿದಳು. ತಿದ್ದಿಸಿಕೊಳ್ಳುವ ಆಸೆಗೆ ಅವನು ಬೇಕೆಂದೇ ತಪ್ಪು ಬರೆಯತೊಡಗಿದ. ಈರುಳ್ಳಿಯನ್ನು ಬೆಳ್ಳುಳ್ಳಿ ಎಂದು ಬರೆದ ದಿನ ಆಕೆಗೂ ಅನುಮಾನ ಬಂದಿರಬೇಕು.

ಕೊನೆಗುಳಿದದ್ದು ಎಲ್ಲರೂ ನಿಂತ ಗ್ರೂಪ್ ಫೋಟೋ. ಅದರ ಹಿಂದೆ ಅವನು ಬರೆದಿದ್ದ: "ನಡುವ ನಿಂತಾಕಿ ಶೈಲಶ್ರೀ. ಈಕಿ ನಕ್ಕರ ಬಾಜು ನಿಂತವಗ ಕ್ಯಾಮೆರಾ ಎಲ್ಲೈತಿ ಅನ್ನೂದ ಮರತ ಹೋಗತೈತಿ. ಬಾಜು ನಿಂತವ ನಾನು." ಅಳಿಸಲೆಂದು ದಿನಾ ಕೂರುತ್ತಿದ್ದ, ಕೈ ಏಳುತ್ತಿರಲಿಲ್ಲ. ವಾರದ ಹಿಂದೆಯೇ ಸೈಟಿಗೆ ಏರಿದ್ದ ಆ ಸಾಲು ಇಂದಿನ ಗಡಿಬಿಡಿಯಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಎದುರಿಗೇ ಅವನ ಅವ್ವ ರೇವವ್ವ ಕೂತಿದ್ದಳು, ಆಕೆಯೂ ನಿರ್ದೇಶಕಿ. ಶೈಲಶ್ರೀಯನ್ನು ಕಂಡಾಗಲೆಲ್ಲ "ಭಾಳ ಶಾಣ್ಯಾಕಿ, ಪಾಪ," ಎನ್ನುವವಳು. ಆ "ಪಾಪ" ಕೇಳಿದಾಗಲೆಲ್ಲ ಹೇಮಂತ ತನ್ನ ಆಸೆಯ ಮಾತನ್ನು ಮುಂದಕ್ಕೆ ಹಾಕುತ್ತಿದ್ದ.

"ಹೆಸರುಕಾಳು. ಹೊಳೆಯುವ ಹಸಿರು," ಎಂದಿತು ಫೋನು. ಮುಂದಿನದು ಫೋಟೋ.

"ಸಾಕ್ರಿ, ಚಾ ಕುಡಿಯೂಣು," ಎಂದ ಹೇಮಂತ.

"ಸುಮ್ಕ ಕುಂದ್ರಲೇ," ಎಂದರು ಅಧ್ಯಕ್ಷ ಈರಪ್ಪ. "ನಮ್ಮ ಫೋಟೋಕ್ಕ ಏನಂತೈತಿ ಕೇಳೂಣು. ಹೊಸಾ ರುಮಾಲ ಸುತ್ತೇನಿ."

ಶೈಲಶ್ರೀಯ ಬೆರಳು ತಡೆಯಿತು. ತುಟಿಯ ತುದಿ ಕೊಂಚ ಮೇಲೆದ್ದಿತು. ಫೋನಿನಲ್ಲಿ ಏನೋ ಬದಲಿಸಿ, ಆಮೇಲೆ ಸರಿಸಿದಳು.

ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ ಫೋನಿನ ಓದು ಚಟಪಟ ಸಿಡಿದು ಮುಗಿಯಿತು.

"ಏನವಾ ಇದು, ಒಂದ ಅಕ್ಷರ ತಿಳೀಲಿಲ್ಲ?" ಎಂದರು ಈರಪ್ಪ.

"ನಾ ದಿನಾ ಕೇಳೂ ಸ್ಪೀಡ್ರಿ ಕಾಕಾ. ರುಮಾಲಿನ ಸುದ್ದಿ ಏನೂ ಇಲ್ಲ ಬಿಡ್ರಿ."

ಸಭೆ ನಕ್ಕಿತು. ಸೈಟಿಗೆ ಒಪ್ಪಿಗೆ ಬಿತ್ತು. ಚಹಾ ಬಂತು.

ಹೊರಗೆ ಕಟ್ಟೆಯ ಬಳಿ ಹೇಮಂತ ಆಕೆಯನ್ನು ತಡೆದು ಕೇಳಿದ, "ಆ ಸಾಲು ಮೊದಲ ಗೊತ್ತಿತ್ತೇನ್ರಿ?"

"ವಾರ ಆತ್ರಿ, ದಿನಾ ಕೇಳೀನಿ. ಮೊದಲ ಭಾಳ ಚಂದ ಅನಿಸ್ತು. ಆಮ್ಯಾಲ ಸಿಟ್ಟ ಬಂತು."

"ಸಿಟ್ಟ್ಯಾಕ್ರಿ?"

"ಕಣ್ಣಿದ್ದ ಮಂದಿಗೆ ಸಿಗಬಾರದ ಜಾಗಾ ಹುಡುಕಿ ಮುಚ್ಚಿಟ್ಟೀರಿ. ನಾ ಏನ್ ಕಳುವಿನ ಮಾಲೇನ್ರಿ?"

ಅವನು ಜೇಬಿನಿಂದ ಫೋನು ತೆಗೆದು ಆ ಸಾಲು ತೆರೆದ.

"ಇವತ್ತ ನಿಮ್ಮ ಮಾನಾ ಉಳಿಸೀನಿ. ಅಳಿಸಿಬಿಡ್ರಿ ಅದನ್ನ. ಇಲ್ಲಾಂದ್ರ ದೇವರು ಬಾಯಿ ಕೊಟ್ಟಾನಲ್ಲ, ಮಂದಿ ಮುಂದ ಹೇಳ್ರಿ." ಧ್ವನಿ ಗಟ್ಟಿಯಿತ್ತು, ಬೆರಳು ಮಾತ್ರ ಸೆರಗಿನ ತುದಿಯನ್ನು ಸುಮ್ಮನೆ ಸುತ್ತುತ್ತಿತ್ತು.

ಹೇಮಂತ ಒಳಗೆ ಹೋದ. ಇನ್ನೂ ಚಾಲೂ ಇದ್ದ ಮೈಕ್ ಕೈಗೆತ್ತಿಕೊಂಡ.

"ಅವ್ವಾ," ಎಂದ. ಇಡೀ ಹಾಲ್ ತಿರುಗಿತು. "ಶೈಲಶ್ರೀನ್ನ ಲಗ್ನ ಆಗಬೇಕಂತ ಮಾಡೀನಿ. ಕನಿಕರಕ್ಕಲ್ಲ. ಆಕಿ ಬರದ ದಿನ ನನಗ ಕೆಲಸಾನ ಸಾಗೂದಿಲ್ಲ."

ರೇವವ್ವನ ಚಹಾದ ಬಸಿ ತುಟಿಯ ಹತ್ತಿರವೇ ನಿಂತಿತು. ಈರಪ್ಪ ಕೆಮ್ಮಲು ಹೋಗಿ ಕೆಮ್ಮಲಿಲ್ಲ. ರೇವವ್ವ ಮಗನನ್ನು ನೋಡಿದಳು. ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದ ಶೈಲಶ್ರೀಯನ್ನು ನೋಡಿದಳು. ಬಸಿ ಕೆಳಗಿಟ್ಟಳು.

"ಹುಚ್ಚಪ್ಪ, ನನಗೇನ್ ಕೇಳ್ತಿ? ಬಾಳ್ವೆ ಮಾಡಾಕಿ ಆಕಿ. ಆಕಿನ್ನ ಕೇಳು."

ಶೈಲಶ್ರೀ ಅವನ ಧ್ವನಿ ಬಂದ ಕಡೆಗೆ ನಡೆದು ಬಂದಳು.

"ಇತ್ತ ಕೊಡ್ರಿ ಮೈಕ್," ಎಂದಳು.

ಅವನ ಕೈ ಸಮೇತ ಅದನ್ನು ಹಿಡಿದುಕೊಂಡು, ಹೊರಗೆ ಬೀದಿಗೂ ಕೇಳುವಂತೆ ಹೇಳಿದಳು, "ಒಪ್ಪೀನ್ರಿ."