ಕಾಣೆಯಾದ ಅರವತ್ತೆರಡು ಅರ್ಜಿಗಳು

"ನನ್ನ ಕೆಲಸ ಹೋಗತ್ತೆ ಅಮ್ಮಾ, ನೀವೇ ಏನಾದ್ರೂ ಮಾಡಿ!"

ಕ್ಲರ್ಕ್ ಹುಡುಗಿ ಓಡಿ ಬಂದು ನಮ್ಮತ್ತೆಯ ಕೈ ಹಿಡಿದಾಗ ಮೂರು ಗಂಟೆ. ನಮ್ಮತ್ತೆ ನಿವೃತ್ತ ನರ್ಸು. ಊರಿನ ಕಳವುಗಳ ಪತ್ತೆಯೆಂದರೆ ಅವರಿಗೆ ಪಂಚಪ್ರಾಣ. ಸ್ಕೂಟರ್ ಓಡಿಸುವುದು, ಬೈಸಿಕೊಳ್ಳುವುದು ಅಳಿಯನಾದ ನನ್ನ ಪಾಲು.

ನೇಯ್ಗೆ ಗಿರಣಿ ಮುಚ್ಚಿ ತಿಂಗಳಾಗಿತ್ತು. ಕೆಲಸ ಕಳೆದುಕೊಂಡ ಹೆಂಗಸರಿಗೆ ಹೊಸ ಕಸುಬು ಕಲಿಸುತ್ತೇವೆಂದು ಸರ್ಕಾರ ಗಿರಣಿಯ ಕ್ಯಾಂಟೀನಿನಲ್ಲೇ ಕಚೇರಿ ತೆರೆದಿತ್ತು. ಅರ್ಜಿಗಳ ಚೀಲ ಅಂದೇ ಐದಕ್ಕೆ ರಾಜಧಾನಿಗೆ ಹೊರಡಬೇಕಿತ್ತು.

ನಾವು ಹೋದಾಗ ಕ್ಯಾಂಟೀನಿನ ಮೂಲೆಯ ಗಾಜಿನ ಕೋಣೆಯಲ್ಲಿ ಅಧಿಕಾರಿ ಶತಪಥ ಹಾಕುತ್ತಿದ್ದರು. "ನಲವತ್ತೈದು ದಾಟಿದವರ ಅರ್ಜಿ ಬೇರೆ ಕಟ್ಟಿಡು, ಕಳಿಸೋದು ಬೇಡ ಅಂತ ಬೆಳಿಗ್ಗೆ ಇವಳಿಗೆ ಹೇಳಿದ್ದೆ. ಬಾಗಿಲು ಹಾಕ್ಕೊಂಡು, ಇವಳೊಬ್ಬಳಿಗೇ! ಊಟ ಮುಗಿಸಿ ಬಂದ್ರೆ ಅರವತ್ತೆರಡರ ಕಟ್ಟೇ ಮಾಯ. ಇನ್ಯಾರಿಗೆ ಗೊತ್ತಿತ್ತು?"

"ಆಗ ಒಳಗೆ ಯಾರು ಬಂದ್ರು?" ಎಂದರು ಅತ್ತೆ.

"ಟೀ ಲೋಟ ತೆಗೆಯೋಕೆ ಮಗ್ಗದಕ್ಕ ಒಬ್ರೇ," ಎಂದಳು ಹುಡುಗಿ. ಮಗ್ಗದಕ್ಕ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವಳು.

ಅತ್ತೆ ಗಾಜಿನಾಚೆ ನೋಡುತ್ತಾ ನಿಂತರು. ಕ್ಯಾಂಟೀನು ತುಂಬ ಹೆಂಗಸರು. ಆ ಮೂಲೆಯವಳು ತುಟಿ ಅಲ್ಲಾಡಿಸಿದರೆ ಈ ಮೂಲೆಯವಳು ನಗುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ಗಡಿಯಾರ ನಾಲ್ಕು ದಾಟಿತ್ತು, ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

"ಅಳಿಯಂದ್ರೇ, ಕಾಲು ಕುಟ್ಟಿದ್ದು ಸಾಕು. ಎಲ್ಲರನ್ನೂ ಗಾಜಿನ ಹತ್ತಿರ ಕರೀರಿ."

ಎಲ್ಲರೂ ನೆರೆದರು. ಅತ್ತೆ ಬಾಗಿಲು ಮುಚ್ಚಿ, ದನಿಯಿಲ್ಲದೆ ತುಟಿಯಲ್ಲಷ್ಟೇ ಕೇಳಿದರು: "ಊಟ ಆಯ್ತಾ?"

ಹೊರಗೆ ಹತ್ತಾರು ತಲೆಗಳು ಆಯ್ತೆಂದು ಆಡಿದವು. ಅಧಿಕಾರಿಯ ಮುಖ ಬಿಳಿಚಿಕೊಂಡಿತು.

ಅತ್ತೆ ಬಾಗಿಲು ತೆರೆದರು. "ಮಗ್ಗದ ಗದ್ದಲದಲ್ಲಿ ಕಿವಿ ಕೆಲಸಕ್ಕೆ ಬರಲ್ಲ ಸಾರ್. ಇವರೆಲ್ಲ ತುಟಿ ನೋಡೇ ಮಾತಾಡಿಕೊಂಡವರು. ನಿಮ್ಮ ಗುಟ್ಟು ಬೆಳಿಗ್ಗೆಯೇ ರಟ್ಟಾಗಿದೆ. ಆದ್ರೆ ಒಳಗೆ ಬರೋ ನೆಪ ಇದ್ದದ್ದು ಒಬ್ಬರಿಗೇ. ಇನ್ನು, ಕಳಿಸದೇ ಇರೋ ಅರ್ಜಿ ಕದ್ದು ಯಾರಿಗೇನು ಲಾಭ? ಕಳಿಸಿದ್ರೆ ತಾನೇ ಲಾಭ! ಆ ಚೀಲ ಹೊರಗೆ ತಂದು ಬಿಚ್ಚಿ."

ಚೀಲದಲ್ಲಿ ಅರವತ್ತೆರಡೂ ಇದ್ದವು, ಉಳಿದವುಗಳ ನಡುವೆ ಬೆರೆತು.

ಮಗ್ಗದಕ್ಕ ಮುಂದೆ ಬಂದಳು. "ನಾನೇ ಸೇರಿಸಿದ್ದು. ನಮ್ ಕೆಲಸವಂತೂ ಹೋಯ್ತು, ಈ ಮಗೂದೂ ಹೋಗ್ಬೇಕಾ? ಅವಳನ್ನ ಬಿಟ್ಬಿಡಿ ಸಾರ್."



"ಅವಳ ತಪ್ಪಿಲ್ಲ, ಸರಿ. ಅರ್ಜಿ ವಿಷಯ ಮೇಲಿನೋರನ್ನ ಕೇಳ್ತೀನಿ," ಎಂದು ಅಧಿಕಾರಿ ಒಳಗೆ ಹೋಗಿ ಫೋನೆತ್ತಿದರು. ಹೆಂಗಸರೆಲ್ಲ ಗಾಜಿಗೆ ಮುಖವಿಟ್ಟರು. ಅಧಿಕಾರಿ ಒಮ್ಮೆ ಇತ್ತ ನೋಡಿ, ಮೆಲ್ಲಗೆ ಬೆನ್ನು ತಿರುಗಿಸಿದರು.

ಮಗ್ಗದಕ್ಕ ಹೋಗಿ ಅರ್ಜಿಗಳ ಚೀಲದ ಮೇಲೆ ಕೂತುಬಿಟ್ಟಳು. ಕ್ಲರ್ಕ್ ಹುಡುಗಿ ಕಣ್ಣೊರೆಸಿಕೊಂಡು ಹೋಗಿ ಅವಳ ಪಕ್ಕ ಕೂತಳು.