ಗೆರೆಯ ಮೇಲೆ ನಿಂತವಳು

ಗೋಡೆಯ ಮೇಲಿನ ಫೋಟೋದಲ್ಲಿ ಕಾರ್ಸ್ಟನ್ ನಗುತ್ತಿದ್ದ. ಅವನ ತೋಳಿನ ಮೇಲೆ ವಾರಸುದಾರರಿಲ್ಲದ ನಾಲ್ಕು ಬೆರಳುಗಳಿದ್ದವು. ಇನೇಸ್ ಆ ಬೆರಳುಗಳನ್ನು ಗುರುತು ಹಿಡಿದಳು. ಅವು ಅವಳವೇ.

“ಏನೋ ಇದು? ಉಳಿದ ನಾನು ಎಲ್ಲಿ?”

ಕಾರ್ಸ್ಟನ್‌ನ ಕಿವಿ ಕೆಂಪಾಯಿತು. “ಫ್ರೇಮ್ ಚಿಕ್ಕದಾಯ್ತಂತೆ. ಬಿಡು ಇನೇಸ್, ಅಮ್ಮ ಯಾವಾಗ್ಲೂ ಹಾಗೇನೇ.”

ಅಮೆರಿಕದ ವಿಸ್ಕಾನ್ಸಿನ್‌ನ ಆ ಸರೋವರದ ದಂಡೆಯ ಮನೆಯಲ್ಲಿ ಕಾರ್ಸ್ಟನ್‌ನ ಹೌಗನ್ ಕುಟುಂಬದವರು ಪ್ರತಿ ಜುಲೈ ನಾಲ್ಕರಂದು ಸೇರಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮನೆಮಕ್ಕಳ ಗೆಳೆಯ ಗೆಳತಿಯರಿಗೆ ಸಾಲಿನ ತುದಿಯೇ ಗತಿ. ಸಂಬಂಧ ಮುರಿದರೆ ಕತ್ತರಿಗೆ ಸುಲಭ. ಇನೇಸಳ ಸಂಬಂಧವೇನೂ ಮುರಿದಿರಲಿಲ್ಲ. ಕಾರ್ಸ್ಟನ್‌ನ ತಾಯಿ ಲೋರೇನ್‌ಗೆ ಅಲ್ಲಿಯವರೆಗೆ ಕಾಯುವ ತಾಳ್ಮೆ ಇರಲಿಲ್ಲ, ಅಷ್ಟೇ.

ಈ ಸಲ ಅವರು ಇನ್ನೂ ಸುಲಭದ ದಾರಿ ಹುಡುಕಿದ್ದರು. ಜೋಳ ಸುಡುತ್ತಿದ್ದಲ್ಲಿಂದಲೇ ಕೂಗಿದರು: “ಇನೇಸ್, ಹೇಗೂ ಜನರ ಫೋಟೋ ತೆಗೆಯೋದೇ ನಿನ್ನ ಕಸುಬು. ಈ ವರ್ಷ ನೀನೇ ತೆಗೆದುಬಿಡಮ್ಮ!”

ಅಂದರೆ ಈ ವರ್ಷ ಬೆರಳೂ ಇಲ್ಲ. ಇನೇಸಳಿಗೆ ಮೈಯೆಲ್ಲ ಉರಿಯಿತು.

“ಅದಕ್ಕೇನಂತೆ, ತೆಗೀತೀನಿ,” ಎಂದು ನಕ್ಕಳು. ಆ ನಗುವನ್ನು ಬಲ್ಲ ಕಾರ್ಸ್ಟನ್‌ಗೆ ತಿನ್ನುತ್ತಿದ್ದ ಸಾಸೇಜು ಗಂಟಲಲ್ಲೇ ನಿಂತಿತು.

ಟ್ರೈಪಾಡ್ ಹೊತ್ತುಕೊಂಡು ಅವಳ ಹಿಂದೆಯೇ ಬಂದ. “ಏನು ಸಂಚು ಮಾಡ್ತಿದ್ದೀಯೇ?”

ಬಿಸಿಲಿಗೆ ಅವನ ಮೂಗು ಸುಲಿದಿತ್ತು. ಕಿವಿಯ ಹಿಂದೆ ಸರಿಯಾಗಿ ಉಜ್ಜದೆ ಬಿಟ್ಟ ಕ್ರೀಮು ಬೆಳ್ಳಗೆ ಉಳಿದಿತ್ತು. ಅದನ್ನು ಒರೆಸುವ ಆಸೆಯನ್ನು ಇನೇಸ್ ಕಷ್ಟಪಟ್ಟು ನುಂಗಿದಳು. ಹಾಳಾದವನು, ನನಗೆ ಕೋಪ ಬಂದಾಗಲೇ ಇಷ್ಟು ಮುದ್ದಾಗಿ ಕಾಣುತ್ತಾನೆ!

“ನೋಡ್ತಿರು. ನಿನಗೂ ಒಂದು ಕೆಲಸ ಇದೆ.”

ನೀಲಿ ಅಂಗಿಯ ಕಾರ್ಸ್ಟನ್ ಸೇರಿ ಎಲ್ಲರೂ ಮನೆಯ ಮುಂದೆ ಸಾಲಾಗಿ ನಿಂತರು. ಇನೇಸ್ ಸಾಲಿಗಿಂತ ಬಹಳ ಮುಂದೆ ಹೋಗಿ ಮರಳಲ್ಲಿ ಹಿಮ್ಮಡಿಯಿಂದ ಒಂದು ಗೆರೆ ಎಳೆದಳು. ಅದರ ಮೇಲೆ ದೋಣಿಯ ಹುಟ್ಟೊಂದನ್ನು ನೆಟ್ಟು, ಕ್ಯಾಮೆರಾವನ್ನು ಅದಕ್ಕೇ ಫೋಕಸ್ ಮಾಡಿ, ಲೆನ್ಸನ್ನು ಪೂರ್ತಿ ತೆರೆದಳು.

“ಕೇಳಿ ಎಲ್ಲರೂ! ಲೆನ್ಸ್ ಇಷ್ಟು ತೆರೆದಾಗ ಈ ಗೆರೆ ಮೇಲೆ ನಿಂತೋರ ರೆಪ್ಪೆ ಕೂಡ ಎಣಿಸಬಹುದು. ಹಿಂದೆ ನಿಂತೋರು ಬರೀ ಬಣ್ಣದ ಮಂಜು. ಹೋದ ವರ್ಷ ನನ್ನನ್ನ ಕತ್ತರಿಸಿ ಎಸೆದ್ರಿ. ನಾನು ಕತ್ತರಿ ಮುಟ್ಟಲ್ಲ. ಟೈಮರ್ ಹಾಕಿ ಇಲ್ಲಿ ನಿಂತ್ಕೋತೀನಿ. ಬರೋರು ಬನ್ನಿ.”

“ಇದೇನು ಹುಡುಗಾಟ? ಯಾರೂ ಕದಲಬೇಡಿ!” ಎಂದರು ಲೋರೇನ್.

ಇನೇಸ್ ಗುಂಡಿ ಒತ್ತಿದಳು, ಹುಟ್ಟನ್ನು ಕಿತ್ತೆಸೆದು ಗೆರೆಯ ಮೇಲೆ ಒಬ್ಬಳೇ ನಿಂತಳು. ಕ್ಯಾಮೆರಾದ ಕೆಂಪು ದೀಪ ಮಿಣುಕತೊಡಗಿತು. ಅವಳು ಹಿಂದೆ ತಿರುಗಲಿಲ್ಲ. ಕಾರ್ಸ್ಟನ್‌ನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದಳು. ಆದರೆ ಅವನು ಬಾರದಿದ್ದರೆ ಈಗಲೇ ಕಾರು ಹತ್ತಿ ತನ್ನೂರು ಮಿಲ್ವಾಕಿಗೆ ಹೊರಟುಬಿಡುವುದೆಂದು ನಿರ್ಧರಿಸಿದ್ದಳು.

ಕ್ಲಿಕ್.

ಪಕ್ಕದಲ್ಲಿ ಯಾರೂ ಇರಲಿಲ್ಲ. ಇನೇಸ್ ಗಲ್ಲ ಎತ್ತಿಕೊಂಡೇ ನಿಂತಿದ್ದಳು, ಕಣ್ಣು ಮಾತ್ರ ತುಂಬಿತು.

“ಇನ್ನೊಂದು ಸಲ ಟೈಮರ್ ಹಾಕೇ! ಹಾಳು ಚಪ್ಪಲಿ, ಮರಳಲ್ಲಿ ಸಿಕ್ಕಿಕೊಳ್ತು!” ಬೆನ್ನ ಹಿಂದೆಯೇ ಕಾರ್ಸ್ಟನ್‌ನ ಏದುಸಿರು ಕೇಳಿಸಿತು. ಒಂದು ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ಬಂದವನೇ ಅವಳ ಸೊಂಟ ಬಳಸಿ ಎದೆಗೊತ್ತಿಕೊಂಡ.

“ಅಮ್ಮ, ಇನ್ಮೇಲೆ ಇವಳನ್ನ ಕತ್ತರಿಸಬೇಕಂದ್ರೆ ನನ್ನನ್ನೂ ಸೇರಿಸಿಯೇ ಕತ್ತರಿಸಬೇಕು. ನಾನು ಇವಳನ್ನ ಪ್ರೀತಿಸ್ತೀನಿ. ಇದನ್ನ ಹೋದ ವರ್ಷವೇ ಹೇಳಬೇಕಿತ್ತು.”

ಲೋರೇನ್ ಮುಖ ಬಿಗಿದುಕೊಂಡರು. “ಹಾಗಾದ್ರೆ ನಾವೆಲ್ಲ ಮಂಜೇನು?”

“ಇಲ್ಲ ಲೋರೇನ್,” ಇನೇಸ್ ಕಣ್ಣೊರೆಸಿಕೊಂಡು ಕ್ಯಾಮೆರಾದ ಬಳಿ ಹೋಗಿ ಲೆನ್ಸಿನ ತೆರಪನ್ನು ಕಿರಿದು ಮಾಡಿದಳು. “ಈಗ ಎಲ್ಲರೂ ಚೆನ್ನಾಗಿ ಕಾಣ್ತೀರಿ. ನಾನೂ ಕಾಣ್ತೀನಿ. ನಡುವೆ ಸ್ವಲ್ಪ ಜಾಗ ಬಿಡಿ.”

ಲೋರೇನ್ ಗೊಣಗುತ್ತಲೇ ಪಕ್ಕಕ್ಕೆ ಸರಿದರು.

ಆ ಎರಡನೆಯ ಫೋಟೋ ಈಗ ಸರೋವರದ ಮನೆಯ ಗೋಡೆಯ ಮೇಲೆ ಇಡಿಯಾಗಿಯೇ ಇದೆ. ಮೊದಲನೆಯದು ಮಿಲ್ವಾಕಿಯಲ್ಲಿ ಅವರಿಬ್ಬರ ಮಂಚದ ಮೇಲ್ಗಡೆ ತೂಗುತ್ತದೆ. ಅದರಲ್ಲಿ ಇನೇಸ್ ಒಬ್ಬಳೇ, ರೆಪ್ಪೆ ಎಣಿಸುವಷ್ಟು ಸ್ಪಷ್ಟ. ಹಿಂದಿನ ಮಂಜಿನಲ್ಲಿ ಒಂದು ನೀಲಿ ಮಚ್ಚೆ ಮಾತ್ರ ಸಾಲು ಬಿಟ್ಟು ಮುಂದೆ ಬಂದಿದೆ. ಅದೇನೆಂದು ನೋಡಿದವರು ಕೇಳುತ್ತಾರೆ.

“ಅದಾ? ನನ್ನ ಗಂಡ,” ಎನ್ನುತ್ತಾಳೆ ಇನೇಸ್. “ಬರ್ತಾ ಇದ್ದಾನೆ.”