ಒಂದೂ ತಪ್ಪು ಹೇಳದವನು

ತಾನು ಬರೆದ ಸಾಫ್ಟ್‌ವೇರಿನಲ್ಲಿ ದೊಡ್ಡ ತಪ್ಪಿದೆ ಎಂದು ಮಧ್ಯಾಹ್ನದ ಹೊತ್ತಿಗೆ ರದ್ವಾಳಿಗೆ ಗೊತ್ತಾಯಿತು. ಪರೀಕ್ಷಿಸಿ ನೋಡಲೆಂದು ಏಳನೇ ನಂಬರಿನ ರಕ್ತದ ಬ್ಯಾಗಿಗೆ ‘ಸೋಂಕಿದೆ’ ಎಂಬ ಸುಳ್ಳು ವರದಿ ಹಾಕಿದ್ದಳು. ಪರದೆ ಮಾತ್ರ ಆ ರಕ್ತವನ್ನು ‘ಕೊಡಬಹುದು’ ಎಂದೇ ತೋರಿಸುತ್ತಿತ್ತು. ಅಲೆಕ್ಸಾಂಡ್ರಿಯಾದ ರಕ್ತನಿಧಿಯೊಂದು ನಾಳೆ ಬೆಳಿಗ್ಗೆಯಿಂದ ಇದೇ ಪರದೆ ನೋಡಿ ರೋಗಿಗಳಿಗೆ ರಕ್ತ ಕೊಡಲಿತ್ತು.

ಹುಡುಕಿದಾಗ ಕಾರಣ ಸಿಕ್ಕಿತು. ಕೋಡಿನಲ್ಲಿ ಬ್ಯಾಗ್ ಎಂಬ ಒಂದೇ ಹೆಸರಿನ ಮಾಡೆಲ್‌ಗಳು, ಅಂದರೆ ಮಾಹಿತಿಯ ಅಚ್ಚುಗಳು, ಎರಡಿದ್ದವು. ಸಂಗ್ರಹದ ಫೋಲ್ಡರಿನಲ್ಲಿದ್ದದ್ದು ದಾನಿಗಳ ರಕ್ತದ್ದು, ಲ್ಯಾಬ್ ಫೋಲ್ಡರಿನಲ್ಲಿದ್ದದ್ದು ಯಂತ್ರ ಸರಿಯಿದೆಯೇ ಎಂದು ನೋಡುವ ನಮೂನೆಯದ್ದು. ಲ್ಯಾಬ್ ವರದಿ ಬ್ಯಾಗಿಗೆ ಸೇರಿದ್ದು ಎಂದಷ್ಟೇ ಅವಳು ಬರೆದಿದ್ದಳು. ಯಾವ ಫೋಲ್ಡರಿನ ಬ್ಯಾಗ್ ಎಂದು ಹೇಳಿರಲಿಲ್ಲ. ಕೋಡಿನ ತುಂಡುಗಳನ್ನು ಜೋಡಿಸುವ ಫ್ರೇಮ್‌ವರ್ಕ್ ಮೊದಲು ತನ್ನ ಮನೆಯೊಳಗೇ ಹುಡುಕುವ ಪ್ರಾಣಿ. ವರದಿಯಿದ್ದ ಲ್ಯಾಬ್ ಫೋಲ್ಡರಿನಲ್ಲೇ ಒಂದು ಬ್ಯಾಗ್ ಸಿಕ್ಕಿತು, ಅದಕ್ಕೇ ಗಂಟು ಹಾಕಿತು, ತುಟಿಪಿಟಕ್ಕೆನ್ನಲಿಲ್ಲ.

ರಂಜಾನ್ ಆದ್ದರಿಂದ ಆಫೀಸು ಬೇಗ ಖಾಲಿಯಾಗಿತ್ತು. ಉಳಿದಿದ್ದವನು ಕಿಟಕಿ ಪಕ್ಕದ ಹೈಥಮ್ ಒಬ್ಬನೇ. ಎಲ್ಲರ ಕೋಡನ್ನೂ ಓದಿ ಒಪ್ಪಿಗೆ ಕೊಡುವ ಹಿರಿಯ ಅವನು. ಸಾಲುಸಾಲಿಗೂ ತಕರಾರು ತೆಗೆಯದೆ ಬಿಟ್ಟವನಲ್ಲ. ರದ್ವಾಳ ಕೋಡಿಗೆ ಮಾತ್ರ ಹಲವು ತಿಂಗಳಿಂದ ಒಂದೂ ತಕರಾರಿಲ್ಲ. ಅದನ್ನು ಮೆಚ್ಚುಗೆ ಎಂದುಕೊಂಡು ಅವಳು ಒಳಗೊಳಗೇ ಹಿಗ್ಗಿದ್ದಳು, ಪಾಪ.

ಲ್ಯಾಪ್‌ಟಾಪನ್ನು ತಂದು ಅವನ ಮುಂದಿಟ್ಟಳು. ಅವನ ಮುಖ ಬಿಳಿಚಿಕೊಂಡಿತು.

“ಹೊಸಬರಿಗೂ ಕಾಣೋ ತಪ್ಪು. ನಿಮಗೆ ಕಾಣ್ಲಿಲ್ವಾ, ಇಂಜಿನಿಯರ್ ಸಾಹೇಬ್ರೇ?”

“ಓದಿದ್ರೆ ತಾನೇ ಕಾಣೋದು,” ಎಂದ ಅವನು ತಲೆ ತಗ್ಗಿಸಿ. “ನಿಮ್ಮ ಕೋಡ್ ನಾನು ಓದ್ತಾನೇ ಇರ್ಲಿಲ್ಲ.”

“ಅಷ್ಟು ಸಸಾರ ಆದ್ನಾ ನಾನು?”

ಅವನು ಅವಳ ಕಡೆ ನೋಡಿದ, ನೋಟ ತೆಗೆದ, ಮತ್ತೆ ನೋಡಿದ. “ಬಂದ ಹೊಸದ್ರಲ್ಲಿ ನನ್ನ ತಕರಾರು ಓದಿ ನೀವು ಮೆಟ್ಟಿಲ ಮೇಲೆ ಕೂತು ಅತ್ರಿ. ಅದನ್ನ ನೋಡಿದ್ಮೇಲೆ ನನಗೆ ಕೈ ಬರ್ಲಿಲ್ಲ ರದ್ವಾ. ನಿಮ್ಮನ್ನ ಪ್ರೀತಿಸ್ತೀನಿ. ಅದಕ್ಕೇ ಕಣ್ಣು ಮುಚ್ಕೊಂಡು ಒಪ್ಪಿದೆ.”

ಎಷ್ಟು ದಿನ ಕಾದಿದ್ದ ಮಾತು! ಬಂದದ್ದು ಈಗ, ಇಂಥ ಹೊತ್ತಿನಲ್ಲಿ. ಅವಳಿಗೆ ಸಂತೋಷವೂ ಆಯಿತು, ಅವನ ಕೆನ್ನೆಗೆ ಬಾರಿಸಬೇಕೆಂದೂ ಅನಿಸಿತು.

“ಆ ರಕ್ತ ಯಾವುದಾದ್ರೂ ಮಗೂಗೆ ಹೋಗಿದ್ರೆ?” ಎಂದು ಕೇಳಿದಳು.

ತಪ್ಪೆಲ್ಲ ತನ್ನದೇ ಎಂದು ಹೇಳಿಬಿಡುತ್ತೇನೆಂದು ಅವನು ಫೋನ್ ಎತ್ತಿದ. ರದ್ವಾ ಅದನ್ನು ಕಸಿದುಕೊಂಡು, ಬರೆದವಳು ನಾನು ಎಂದು ಕಂಪನಿಯ ಯಜಮಾನಿ ಮದಾಮ್ ಸಲ್ವಾಗೆ ತಾನೇ ಹೇಳಿದಳು. ಅವರು ಬೈಯಲಿಲ್ಲ, ಅದೇ ಹೆಚ್ಚು ಹೆದರಿಸಿತು. ಸಂಜೆ ಉಪವಾಸ ಬಿಡುವ ಇಫ್ತಾರಿನೊಳಗೆ ಸರಿಹೋಗದಿದ್ದರೆ ಕೆಲಸ ನಿಲ್ಲಿಸಿ ರಕ್ತನಿಧಿಗೆ ತಿಳಿಸುವುದಾಗಿ ಹೇಳಿ ಫೋನಿಟ್ಟರು.

ರದ್ವಾ ವರದಿಗೂ ಬ್ಯಾಗಿಗೂ ಇರುವ ಸಂಬಂಧವನ್ನು ಹೊಸದಾಗಿ ಬರೆದಳು. ಸಂಗ್ರಹದ ಫೋಲ್ಡರಿನ ಬ್ಯಾಗ್ ಎಂದು ಪೂರ್ತಿ ಹೆಸರು ಕೊಟ್ಟು ಅವನಿಗೆ ಕಳಿಸಿದಳು. “ಈ ಸಲ ಓದಿ. ಕರುಣೆ ತೋರಿಸಿದ್ರೆ ಮತ್ತೆ ನಿಮ್ಮ ಮುಖ ನೋಡಲ್ಲ.”

ಅವನು ಓದಿದ. ಉಪವಾಸಕ್ಕೆ ಒಣಗಿದ ಗಂಟಲು, ಕೆಳಗೆ ಮನೆಗೆ ಧಾವಿಸುವ ಕಾರುಗಳ ಹಾರ್ನು, ನಡುವೆ ಅವನ ಕೀಬೋರ್ಡಿನ ಸದ್ದು. ತಕರಾರು ಒಂದರ ಹಿಂದೊಂದು ಬಂದವು. ಬ್ಯಾಗಿನ ಕಡೆಯಿಂದಲೂ ವರದಿಯ ಪೂರ್ತಿ ಹೆಸರು ಬೇಕು, ಅದನ್ನು ಮರೆತಿದ್ದೀರಿ. ಈ ಪರೀಕ್ಷೆ ಏನನ್ನೂ ಪರೀಕ್ಷಿಸುತ್ತಿಲ್ಲ. ಈ ಸಾಲು ಸೋಮಾರಿಗಳು ಬರೆಯುವಂಥದ್ದು. ರದ್ವಾ ಹಲ್ಲು ಕಚ್ಚಿಕೊಂಡು ತಿದ್ದಿದಳು. ಕೊನೆಯದನ್ನು ಓದುವಾಗ ಕಣ್ಣು ತುಂಬಿತ್ತು, ಆದರೆ ಮೆಟ್ಟಿಲಿಗೆ ಹೋಗಲಿಲ್ಲ.

ಪರದೆಯ ಮೇಲೆ ಏಳನೇ ಬ್ಯಾಗ್ ಕೆಂಪಾಯಿತು: ‘ಕೊಡಬಾರದು’.

ಹೊರಗೆ ಬಾಂಗ್ ಕೇಳಿಸಿತು. ಅವನು ಖರ್ಜೂರದ ಡಬ್ಬಿಯನ್ನು ಅವಳ ಕಡೆ ಸರಿಸಿದ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದಳು: “ಶುಕ್ರವಾರ ಹೆಣ್ಣು ಕೇಳೋಕೆ ಮನೆಗೆ ಬನ್ನಿ. ಅಪ್ಪ ನನ್ನ ಬಗ್ಗೆ ಕೇಳ್ತಾರೆ. ಬರೀ ಹೊಗಳಿದ್ರೆ, ನಾನು ಒಪ್ಪಲ್ಲ.”

ಹೈಥಮ್ ಕೈಯಲ್ಲಿದ್ದ ಲೋಟದ ನೀರನ್ನು ಕುಡಿಯುವುದನ್ನೂ ಮರೆತು ತಲೆಯಾಡಿಸಿದ.